ಎರಡು ಬಾಗಿಲಿನ ಕೋಣೆಯಲ್ಲಿ ಪರೀಕ್ಷೆ

ನಾನು ಹೋಲಿಸಿ ನೋಡದೆ ಏನನ್ನೂ ಕೊಂಡವಳಲ್ಲ. ಸಂತೆಯಲ್ಲಿ ಬದನೆಕಾಯಿ ತರಬೇಕಾದರೂ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಹೋಗಿ, ಮುಟ್ಟಿ ನೋಡಿ, ಬೆಲೆ ಕೇಳಿ, ಕೊನೆಗೆ ಮೊದಲು ನೋಡಿದವರ ಹತ್ತಿರವೇ ವಾಪಸು ಬರುತ್ತೇನೆ. ಅಷ್ಟು ಹೊತ್ತಿಗೆ ಅಲ್ಲಿ ಒಳ್ಳೆಯವೆಲ್ಲ ಖಾಲಿಯಾಗಿ ಹುಳುಕಷ್ಟೇ ಉಳಿದಿರುತ್ತದೆ. ನಮ್ಮ ಯಜಮಾನರು ನ್ಯಾಮತಿಯಲ್ಲಿ ಡ್ರಿಪ್ ಪೈಪು, ಮೋಟರ್ ಸಾಮಾನಿನ ಅಂಗಡಿ ಇಟ್ಟುಕೊಂಡವರು. ಗಿರಾಕಿಗಳ ಎದುರಿಗೇ ನನ್ನನ್ನು ಆಡಿಕೊಳ್ಳುತ್ತಾರೆ. "ನಿನ್ನ ನೋಡಾಕೆ ನಾನು ಒಬ್ನೇ ಬಂದಿದ್ದು ಒಳ್ಳೇದಾತು. ಇಬ್ರು ಬಂದಿದ್ರೆ ನೀನಿನ್ನೂ ತವರಲ್ಲೇ ಕೂತ್ಕಂಡು ನೋಡ್ತಿದ್ದೆ."

ಸರ್ಟಿಫಿಕೇಟಿನ ವಿಷಯದಲ್ಲೂ ನಾನು ಹಾಗೇ ಮಾಡಿದೆ.

ಜಗಳೂರಿನಲ್ಲಿ ನನಗೊಬ್ಬಳು ಗೆಳತಿ ಇದ್ದಾಳೆ. ದಾವಣಗೆರೆಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದುಕೊಂಡು ಕಂಪ್ಯೂಟರ್ ಡಿಗ್ರಿ ಓದಿದವರು ನಾವು. ಆಸ್ಪತ್ರೆಗಳ ಕಂಪ್ಯೂಟರ್ ನೋಡಿಕೊಳ್ಳುವ ಒಂದು ಕಂಪನಿಯಲ್ಲಿ ಅವಳಿಗೆ ಕೆಲಸ. ಜಗಳೂರಿನ ತನ್ನ ಮನೆಯಲ್ಲೇ ಕೂತು ಮಾಡುತ್ತಾಳೆ. ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಫೋನ್ ಮಾಡಿದಳು.

"ನೋಡೇ, ನಮ್ಮ ಟೀಮಲ್ಲಿ ಒಂದು ಜಾಗ ಖಾಲಿ ಐತೆ. ಆಸ್ಪತ್ರೇರು ಫೋನ್ ಮಾಡಿ ಕಂಪ್ಯೂಟರ್ ನಿಂತೋಗೈತೆ ಅಂತಾರೆ. ನೀನು ಮನೇಲಿ ಕೂತ್ಕಂಡು, ಅವರ ಜೊತೆ ಕನ್ನಡದಾಗೆ ಮಾತಾಡಿ ಸರಿ ಮಾಡ್ಸಬೇಕು. ನಿನ್ನ ಬಗ್ಗೆ ಹೇಳೀನಿ. ಆದ್ರೆ ನೀನು ಕೆಲಸ ಬಿಟ್ಟು ಭಾಳ ವರ್ಷ ಆಗೈತಲ್ಲ, ಅದಕ್ಕೆ ಒಂದು ಸರ್ಟಿಫಿಕೇಟ್ ಕೇಳ್ತಾರೆ. ಯುಗಾದಿ ಒಳಗೆ ತೋರ್ಸಬೇಕು."

"ಯಾವ ಸರ್ಟಿಫಿಕೇಟು?"

"ನೆಟ್‌ವರ್ಕಿಂಗ್ ಆದ್ರೂ ಆತು, ಕ್ಲೌಡ್ ಆದ್ರೂ ಆತು, ಸೆಕ್ಯುರಿಟಿ ಆದ್ರೆ ಇನ್ನೂ ಚಲೋ. ನೋಡ್ಕಂಡು ಮಾಡು."

ನೋಡಿಕೊಂಡು ಮಾಡು ಎಂದು ನನ್ನಂಥವಳಿಗೆ ಹೇಳಬಾರದು. ಆದರೆ ಆ ದಿನ ನನಗೆ ನಗು ಬರಲಿಲ್ಲ. ಮದುವೆಗೆ ಮೊದಲೂ ಆಮೇಲೆ ಕೆಲವು ವರ್ಷವೂ ಹೊನ್ನಾಳಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಎರಡನೆಯ ಮಗು ಹುಟ್ಟಿದಾಗ ಬಿಟ್ಟವಳು ಮತ್ತೆ ಹೋಗಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಯಾರೂ ಹೋಗು ಅಂತಲೂ ಅನ್ನಲಿಲ್ಲ. ಅಂಗಡಿಯಲ್ಲಿ ಬಿಲ್ ಹಾಕುತ್ತಾ ಕೂತೆ. ಬಿಲ್ ಹಾಕುವುದೂ ಕೆಲಸವೇ, ಆದರೆ ಅದು ಯಜಮಾನರ ಅಂಗಡಿಯ ಕೆಲಸ. ನನ್ನದು ಅನ್ನುವ ಒಂದು ಕೆಲಸ ನನಗೆ ಬೇಕಿತ್ತು. ಎಷ್ಟು ಬೇಕಿತ್ತು ಎನ್ನುವುದು ಆ ಫೋನ್ ಇಟ್ಟ ಮೇಲೆ ಗಿರಾಕಿಯೊಬ್ಬರ ಬಿಲ್ಲನ್ನು ಎರಡು ಸಲ ತಪ್ಪು ಹಾಕಿದಾಗಲೇ ನನಗೆ ಗೊತ್ತಾಗಿದ್ದು. ಈ ವಯಸ್ಸಿನಲ್ಲಿ ಇನ್ನೊಂದು ಸಲ ಯಾರೂ ಹೀಗೆ ಕರೆದು ಜಾಗ ಐತೆ ಬಾ ಅನ್ನುವುದಿಲ್ಲ.

ಹೋಲಿಸಲು ಕೂತೆ. ಇಂಟರ್‌ನೆಟ್ಟಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವ ವಿಡಿಯೋ ನೋಡಿದರೂ ಅವರು ಕಲಿಸುವುದೇ ಶ್ರೇಷ್ಠ, ಉಳಿದದ್ದು ದಂಡ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅಂತ ಇನ್ನೊಂದು ಕಣ್ಣಿಗೆ ಬಿತ್ತು. ಓದಿ ನೋಡಿದರೆ, ಅರ್ಜಿ ಹಾಕುವುದಕ್ಕೇ ವರ್ಷಗಟ್ಟಲೆ ಜನರನ್ನು ಇಟ್ಟುಕೊಂಡು ಕೆಲಸ ನಡೆಸಿದ ಅನುಭವ ಬೇಕಂತೆ. ನೆಂಟರು ತುಂಬಿದ ಮನೆಯಲ್ಲಿ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲ ನಡೆಸಿದ್ದೇನೆ, ಅದನ್ನು ಅವರು ಅನುಭವ ಎಂದು ಒಪ್ಪುವುದಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ. ಪರದೆಯ ಮೇಲೆ ನೋಡಿದ್ದು ಸಾಕಾಗಿ, ಮಾಡಿದವರನ್ನೇ ಹೋಗಿ ಕೇಳುವುದು ಎಂದು ತೀರ್ಮಾನಿಸಿದೆ. ನಮ್ಮ ಕಡೆ ಹೆಣ್ಣು ಕೊಡುವಾಗ, ತರುವಾಗ ಹಾಗೇ ಅಲ್ಲವೆ, ಪಕ್ಕದ ಮನೆಯವರನ್ನು ಕೇಳುತ್ತೇವೆ.

ನನ್ನ ತವರು ತ್ಯಾವಣಿಗೆ. ಅಲ್ಲಿಗೆ ಹೋದವಳು ಹಾಗೇ ಚನ್ನಗಿರಿಗೂ ಹೋಗಿ ಬಂದೆ. ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ, ಅಲ್ಲಿ ಅಡಿಕೆ ವ್ಯಾಪಾರಿಗಳ ಗೋದಾಮುಗಳಿಗೆ ಕ್ಯಾಮೆರಾ, ಇಂಟರ್‌ನೆಟ್ ಲೈನು ಹಾಕಿಕೊಡುವ ಅಂಗಡಿ ಮಾಡಿಕೊಂಡಿದ್ದಾನೆ. ಅವನು ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಮಾಡಿದವನು. ಅಂಗಡಿಯೊಳಗೆ ದೇವರ ಪಟದ ಪಕ್ಕದಲ್ಲೇ ಅದಕ್ಕೂ ಕಟ್ಟು ಹಾಕಿಸಿ ನೇತು ಹಾಕಿದ್ದಾನೆ. ಆಯುಧ ಪೂಜೆಯಲ್ಲಿ ಹಾಕಿದ ಹೂವಿನ ಹಾರ ಒಣಗಿ ಅದರ ಮೇಲೆ ಹಾಗೇ ಇತ್ತು. ಹತ್ತಿರ ಹೋಗಿ ಓದಿದೆ. ಅದರ ಅವಧಿ ಮುಗಿದು ಬಹಳ ಕಾಲವಾಗಿತ್ತು.

"ಅಣ್ಣಾ, ಇದು ಸತ್ತು ಹೋಗೈತಲ್ಲ?"

"ಹಾರ ಹಾಕಿರಾದು ನೋಡಿಲ್ಲೇನು ಮತ್ತೆ?" ಎಂದು ನಕ್ಕ. "ಮೂರು ವರ್ಷಕ್ಕೊಂದು ಸಲ ಮತ್ತೆ ಪರೀಕ್ಷೆ ಕಟ್ಟಬೇಕು ಕಣವ್ವ. ನಾನು ಕಟ್ಟಲಿಲ್ಲ. ಇದನ್ನ ನನ್ನತ್ರ ಇವತ್ತಿನ ತನಕ ಕೇಳಿದೋರು ಇಬ್ರೇ. ಒಬ್ರು ನಮ್ಮ ಮಾವ, ಹೆಣ್ಣು ಕೊಡಾಕೆ ಮುಂಚೆ. ಇನ್ನೊಬ್ಳು ನೀನು."

"ಹಂಗಾದ್ರೆ ದಂಡ ಅಂತೀಯಾ?"

ಅವನು ನಗುವುದನ್ನು ಬಿಟ್ಟ. "ಹಂಗಲ್ಲ. ಕಾಗದ ಹೋತು, ಓದಿದ್ದು ಹೋಗಿಲ್ಲ. ಎಲ್ಲಿ ಲೈನ್ ಕಟ್ಟಾಗೈತೆ ಅಂತ ಹುಡುಕಾದು ನಂಗೆ ಬಂದಿದ್ದು ಅದನ್ನ ಓದಿದ್ಮ್ಯಾಲೇ. ಓದಾಕೆ ಕಷ್ಟ ಐತೆ, ಆದ್ರೆ ಓದಿದ್ದು ಬೇಗ ಹಳೇದಾಗಲ್ಲ."

ವಾಪಸು ಬರುವಾಗ ಹೊನ್ನಾಳಿಯಲ್ಲಿ ಇಳಿದೆ. ನಾನು ಪಾಠ ಹೇಳುತ್ತಿದ್ದ ಸೆಂಟರಿನಲ್ಲಿ ಈಗ ಪಾಠ ಹೇಳುವವಳು ಆಗ ನನ್ನ ವಿದ್ಯಾರ್ಥಿನಿಯಾಗಿದ್ದ ಹುಡುಗಿ. ಅವಳು ಕ್ಲೌಡ್ ಸರ್ಟಿಫಿಕೇಟ್ ಮಾಡಿದ್ದಳು. ಕ್ಲೌಡ್ ಅಂದರೆ ಕಂಪ್ಯೂಟರನ್ನು ನಾವೇ ಇಟ್ಟುಕೊಳ್ಳದೆ ದೊಡ್ಡ ಕಂಪನಿಗಳದ್ದನ್ನು ಬಾಡಿಗೆಗೆ ತೆಗೆದುಕೊಳ್ಳುವುದು. ಹೊಳೆಯ ಕಡೆಯಿಂದ ಬಿಸಿಗಾಳಿ ಬೀಸುತ್ತಿದ್ದ ಮಧ್ಯಾಹ್ನ. ನಾನು ಮೊದಲು ಕೂರುತ್ತಿದ್ದ ಕುರ್ಚಿಯಲ್ಲಿ ಅವಳೂ, ಮಕ್ಕಳು ಕೂರುವ ಬೆಂಚಿನಲ್ಲಿ ನಾನೂ ಕೂತು ಮಾತಾಡಿದೆವು.

"ಮೇಡಂ, ಮೊದಲ್ನೇ ಹಂತದ್ದು ಸಲೀಸು. ಒಂದು ತಿಂಗಳು ಓದಿದ್ರೆ ಆತು. ಆದ್ರೆ ಅದೊಂದೇ ಇಟ್ಕಂಡು ಹೋದ್ರೆ, ಇವರಿಗೆ ಹೆಸರು ಗೊತ್ತೈತೆ, ಕೆಲಸ ಗೊತ್ತಿಲ್ಲ ಅಂತಾರ್ರಿ. ಮುಂದಿಂದು ಮಾಡ್ಕಂಡ್ ಬರ್ರಿ ಅಂತಾರೆ. ನಾನು ಓದಿದ್ದ ಸ್ಕ್ರೀನ್ ಮ್ಯಾಲಿನ ಮೆನು ಎಲ್ಲ ಈಗ ಬದಲಾಗ್ಯಾವೆ."

"ಸೆಕ್ಯುರಿಟೀದು ಹೆಂಗೆ?"

"ಅದಕ್ಕೆ ಎಲ್ಲರೂ ಬೆಲೆ ಕೊಡ್ತಾರೆ ಮೇಡಂ. ಆದ್ರೆ ಕಳ್ಳ ಎಲ್ಲಿಂದ ಬರ್ತಾನೆ ಅಂತ ತಿಳೀಬೇಕಾದ್ರೆ ಮೊದ್ಲು ಮನೇ ಬಾಗ್ಲು ಎಲ್ಲೆಲ್ಲಿ ಅದಾವೆ ಅಂತ ಗೊತ್ತಿರಬೇಕಲ್ರಿ. ನೆಟ್‌ವರ್ಕಿಂಗ್ ಬರದೆ ಅದನ್ನ ಓದಾಕೆ ಹೋದ್ರೆ ತಲೆಕೆಟ್ಟು ಹೋಗ್ತೈತೆ."

ಮನೆಯ ಬಾಗಿಲುಗಳ ಮಾತನ್ನು ಅವಳು ಆಡಿದಾಗ ನಾನು ತಲೆ ಅಲ್ಲಾಡಿಸಿ ಟೀ ಕುಡಿದೆ.

ಮನೆಗೆ ಬಂದು ಎಲ್ಲವನ್ನೂ ಊಟದ ಹೊತ್ತಿಗೆ ಹೇಳಿದೆ. ನಮ್ಮ ಅತ್ತೆ ಮೂಲೆಯಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದರು. ಅವರು ಹೆಚ್ಚು ಮಾತಿನವರಲ್ಲ. ನಾನು ಕೆಲಸ ಬಿಟ್ಟಾಗಲೂ ಮಾತಾಡಿರಲಿಲ್ಲ, ಈಗ ಮತ್ತೆ ಹೊರಟಾಗಲೂ ಮಾತಾಡಿರಲಿಲ್ಲ. ಅವರ ಮನಸ್ಸಿನಲ್ಲಿ ಏನಿದೆ ಎಂದು ನನಗೆ ತಿಳಿಯುತ್ತಲೇ ಇರಲಿಲ್ಲ. ನನ್ನ ಮಾತೆಲ್ಲ ಮುಗಿದ ಮೇಲೆ ಕೇಳಿದರು.

"ಅದು ಎಷ್ಟು ವರ್ಷ ಬರ್ತೈತೆ?"

"ಮೂರು ವರ್ಷ ಅತ್ತೆ. ಆಮ್ಯಾಲೆ ಮತ್ತೆ ಬರೀಬೇಕು."

"ಮೂರೇ ವರ್ಷ ಹಾಲು ಕೊಡಾ ಹಸೂಗೆ ಇಷ್ಟು ಊರು ತಿರುಗಿದೆಯಾ?" ಎಂದು ಸಿಪ್ಪೆಯನ್ನು ಒಟ್ಟು ಮಾಡಿಕೊಂಡು ಎದ್ದು ಹೋದರು. ಯಜಮಾನರು ನಕ್ಕರು. ನನಗೆ ಸಿಟ್ಟು ಬಂತು.

ನಾನು ನೆಟ್‌ವರ್ಕಿಂಗ್ ಆರಿಸಿಕೊಂಡಿದ್ದು ಕೊನೆಗೆ ಯಾರ ಮಾತಿನಿಂದಲೂ ಅಲ್ಲ. ಅಂಗಡಿಯಲ್ಲಿ ಒಂದು ದಿನ ಗೋವಿನಕೋವಿಯ ರೈತರೊಬ್ಬರು ಬಂದು ತೋಟದ ಡ್ರಿಪ್ ಲೈನಿನ ನಕ್ಷೆ ಬರೆಸುತ್ತಿದ್ದರು. ಬೋರಿನಿಂದ ಮೇನ್ ಪೈಪು, ಮೇನ್ ಪೈಪಿನಿಂದ ಸಬ್ ಮೇನ್, ಅದರಿಂದ ಒಂದೊಂದು ಸಾಲಿಗೆ ಸಣ್ಣ ಪೈಪು, ನಡುನಡುವೆ ವಾಲ್ವು. ಯಜಮಾನರು ಬರೆಯುತ್ತಿದ್ದದ್ದನ್ನು ನೋಡುತ್ತಾ ಕೂತವಳಿಗೆ, ನಾನು ಬೆಳಿಗ್ಗೆ ಓದಿ ತಲೆ ಕೆಡಿಸಿಕೊಂಡಿದ್ದ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಲೈನು ಹೋಗುವ ನೆಟ್‌ವರ್ಕಿನ ಚಿತ್ರವೂ ಇದೇ ಎಂದು ಕಂಡಿತು. ಎಲ್ಲಿ ವಾಲ್ವು ಮುಚ್ಚಿದರೆ ಯಾವ ಸಾಲು ಒಣಗುತ್ತದೆ ಎಂದು ಇಷ್ಟು ವರ್ಷ ಬಿಲ್ ಹಾಕುತ್ತಲೇ ಕಲಿತಿದ್ದೆ. ಈ ಸರ್ಟಿಫಿಕೇಟಿಗೆ ನಾನು ಅರ್ಧ ಓದಿಯೇ ಇದ್ದೇನೆ ಅನ್ನಿಸಿತು. ಹಾಗೆ ಹೇಳಿದಾಗ ಯಜಮಾನರು, "ಹಂಗಾದ್ರೆ ನಂಗೂ ಒಂದು ಸರ್ಟಿಫಿಕೇಟ್ ಕೊಡ್ಸು ಮಾರಾಯ್ತಿ" ಎಂದರು.

ಹೋಲಿಸುವುದರಲ್ಲಿ ಕಾಲ ಕಳೆದು ಓದುವುದಕ್ಕೆ ಉಳಿದದ್ದು ಕಡಿಮೆ. ಬೆಳಿಗ್ಗೆ ರೊಟ್ಟಿ ತಟ್ಟಿದ ಮೇಲೆ, ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ, ಮಗಳು ಹತ್ತನೇ ತರಗತಿಯ ಪರೀಕ್ಷೆಗೆ ಓದಲು ಕೂತಾಗ ಅವಳ ಪಕ್ಕದಲ್ಲೇ ಓದಿದೆ. ತಾಯಿ ಮಗಳು ಇಬ್ಬರೂ ಒಂದೇ ದೀಪದ ಕೆಳಗೆ ಪೆನ್ಸಿಲ್ ಕಚ್ಚುತ್ತಾ ಕೂತಿರುವುದನ್ನು ಅತ್ತೆ ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು.

ಪರೀಕ್ಷೆಯನ್ನು ಎರಡು ಥರ ಬರೆಯಬಹುದಿತ್ತು. ದೊಡ್ಡ ಊರಿನ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವುದು ಒಂದು. ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು, ಕ್ಯಾಮೆರಾದಲ್ಲಿ ಎಲ್ಲಿಂದಲೋ ಒಬ್ಬರು ನೋಡುತ್ತಿರುವಾಗ ಬರೆಯುವುದು ಇನ್ನೊಂದು. ಇದನ್ನೂ ಹೋಲಿಸಿದೆ. ಮನೆಯೇ ಸಲೀಸು ಅನ್ನಿಸಿತು. ನಿಯಮಗಳು ಕಟ್ಟುನಿಟ್ಟು: ಮೇಜಿನ ಮೇಲೆ ಏನೂ ಇರಬಾರದು, ತುಟಿ ಅಲ್ಲಾಡಿಸಿ ಓದಬಾರದು, ಮುಖ ಆ ಕಡೆ ಈ ಕಡೆ ತಿರುಗಿಸಬಾರದು, ಪರೀಕ್ಷೆ ಮುಗಿಯುವ ತನಕ ಕೋಣೆಯೊಳಗೆ ಬೇರೆ ಯಾರೂ ಕಾಲಿಡಬಾರದು. ಬಂದರೆ ಅಲ್ಲಿಗೇ ಪರೀಕ್ಷೆ ರದ್ದು.

ನಮ್ಮಂಥ ಮನೆಯಲ್ಲಿ ಕೋಣೆಗೆ ಯಾರೂ ಬರಬಾರದು ಅನ್ನುವುದು ಸಣ್ಣ ಮಾತಲ್ಲ. ಬೆಳಗಾದರೆ ತೆರೆದ ಬಾಗಿಲು ಮಲಗುವಾಗಲೇ ಮುಚ್ಚುವುದು. ಹಾಲಿನವಳು ನೇರ ಅಡುಗೆಮನೆಗೆ ಬಂದು ಹಾಲು ಇಟ್ಟು ಹೋಗುತ್ತಾಳೆ, ಪಕ್ಕದ ಮನೆಯವರು ಕರಿಬೇವು ಕೇಳಲು ಹಿತ್ತಲಿನಿಂದ ಬರುತ್ತಾರೆ. ನಾನು ಒಬ್ಬೊಬ್ಬರಿಗೂ ಹೇಳಿದೆ. ಹಾಲಿನವಳಿಗೆ ಹೇಳಿದೆ, ಪಕ್ಕದ ಮನೆಗೆ ಹೇಳಿದೆ, ಮಕ್ಕಳನ್ನು ಶಾಲೆಗೆ ಕಳಿಸಿದೆ, ಟಿವಿಯ ವಯರನ್ನೇ ಕಿತ್ತಿಟ್ಟೆ. ಯಜಮಾನರು ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಅತ್ತೆ ಮಾತ್ರ ಹಿಂದಿನ ದಿನವೇ ಗೋವಿನಕೋವಿಗೆ, ಅವರ ತಂಗಿಯ ಮನೆಯ ನಾಮಕರಣಕ್ಕೆ ಹೋಗಿದ್ದರು. ಸಂಜೆಗೆ ಬರುವವರು ಎಂದುಕೊಂಡು ಅವರಿಗೆ ಏನೂ ಹೇಳಿರಲಿಲ್ಲ. ಹನ್ನೊಂದಕ್ಕೆ ನನ್ನ ಪರೀಕ್ಷೆ ಎನ್ನುವುದಷ್ಟೇ ಅವರಿಗೆ ಗೊತ್ತು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಮನೆಯಿಂದ ಯಾರು ಪರೀಕ್ಷೆಗೆ ಹೊರಟರೂ, ಕೋರ್ಟಿಗೆ ಹೊರಟರೂ, ಹೊಸ ಗಾಡಿ ತರಲು ಹೊರಟರೂ ಅತ್ತೆ ಪೂಜೆ ಮುಗಿಸಿ, ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ತೇಯ್ದುಕೊಂಡು ಹೊಸ್ತಿಲ ಹತ್ತಿರ ನಿಲ್ಲುತ್ತಾರೆ. ಹೊಸ್ತಿಲು ದಾಟುವ ಮುಂಚೆ ಮೂರು ಬೆರಳಿನಿಂದ ಹಣೆಗೆ ಎಳೆಯುತ್ತಾರೆ. ಆ ಮೇಲೆಯೇ ಹೋಗಬೇಕು. ಯಜಮಾನರು ಪಿಯುಸಿ ಓದುವಾಗ ಹಚ್ಚಿಸಿಕೊಳ್ಳದೆ ಓಡಿ ಹೋಗಿದ್ದಕ್ಕೆ ಅತ್ತೆ ಬಸ್‌ಸ್ಟ್ಯಾಂಡಿನ ತನಕ ಹಿಂದೆ ಬಂದು ಜನರ ಮಧ್ಯೆ ಹಚ್ಚಿದ್ದರಂತೆ.

ಆ ದಿನ ಅತ್ತೆ ನಾಮಕರಣದ ಊಟವನ್ನೂ ಮಾಡದೆ ಬೆಳಿಗ್ಗೆಯೇ ಯಾರದೋ ಬೈಕಿನ ಹಿಂದೆ ಕೂತು ವಾಪಸು ಬಂದಿದ್ದರು. ಸೊಸೆಯ ಪರೀಕ್ಷೆ ಎಂದು. ಹಿತ್ತಲಿನಿಂದ ಬಂದು, ಸ್ನಾನ ಮಾಡಿ, ದೇವರ ಕೋಣೆಗೆ ಹೋಗಿ ಪೂಜೆಗೆ ಕೂತರು. ನಡುಮನೆಯಲ್ಲಿದ್ದ ಯಜಮಾನರಿಗೆ ಅವರು ಬಂದಿದ್ದೇ ಗೊತ್ತಾಗಲಿಲ್ಲ. ಪೂಜೆ ಮುಗಿಸಿ ಅಂಗೈಯಲ್ಲಿ ವಿಭೂತಿ ತೇಯ್ದುಕೊಂಡು ಗಡಿಯಾರ ನೋಡಿದ್ದಾರೆ. ಹನ್ನೊಂದು ದಾಟಿದೆ. ಇವಳು ಇನ್ನೂ ಹೊರಟಿಲ್ಲವಲ್ಲ, ಪರೀಕ್ಷೆ ತಪ್ಪಿ ಹೋಗುತ್ತದೆಯಲ್ಲ ಎಂದು ಗಾಬರಿಯಾಗಿದೆ.

ನಾನು ಕೂತಿದ್ದ ಕೋಣೆಗೆ ಎರಡು ಬಾಗಿಲು. ಒಂದು ನಡುಮನೆಗೆ, ಇನ್ನೊಂದು ದೇವರ ಕೋಣೆಗೆ. ನಡುಮನೆಯ ಬಾಗಿಲಿಗೆ ಚಿಲಕ ಹಾಕಿದ್ದೆ. ದೇವರ ಕೋಣೆಯ ಬಾಗಿಲಿಗೆ ಚಿಲಕ ಹಾಕುವ ರೂಢಿಯೇ ನಮ್ಮ ಮನೆಯಲ್ಲಿಲ್ಲ. ಅದು ಬಾಗಿಲು ಅನ್ನುವುದೇ ನನಗೆ ನೆನಪಾಗಲಿಲ್ಲ.

ಪರೀಕ್ಷೆ ಚೆನ್ನಾಗಿಯೇ ನಡೆದಿತ್ತು. ಮೊದಲಿನ ಭಯ ಹೋಗಿ ಪ್ರಶ್ನೆಗಳು ಪರಿಚಯದವರಂತೆ ಕಾಣತೊಡಗಿದ್ದವು. ಆಗ ಹಿಂದಿನಿಂದ ಧ್ವನಿ ಬಂತು.

"ಹೊತ್ತಾತಲ್ಲೇ ಅವ್ವ, ಇನ್ನೂ ಕಂಪ್ಯೂಟರ್ ನೋಡ್ಕಂತ ಕೂತೀಯಲ್ಲ! ಪರೀಕ್ಷೆಗೆ ಹೋಗಾದಿಲ್ಲೇನು?"

ತಿರುಗಬಾರದು ಎನ್ನುವ ನಿಯಮ ನೆನಪಿತ್ತು. ತಿರುಗಲಿಲ್ಲ. ಮಾತಾಡಬಾರದು, ಮಾತಾಡಲಿಲ್ಲ. ನಾನು ಕಲ್ಲಿನಂತೆ ಕೂತಿರುವಾಗಲೇ ಪಕ್ಕದಿಂದ ಒಂದು ಕೈ ಬಂತು, ಬೂದಿ ಮೆತ್ತಿದ ಮೂರು ಬೆರಳು ನನ್ನ ಹಣೆಯ ಮೇಲೆ ಎಡದಿಂದ ಬಲಕ್ಕೆ ಹೋದವು. ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ಅದೆಲ್ಲ ನನಗೂ ಕಾಣುತ್ತಿತ್ತು. ಎಲ್ಲಿಂದಲೋ ನೋಡುತ್ತಿದ್ದ ಆ ಮನುಷ್ಯನಿಗೂ ಕಂಡಿತು. ಬಹಳ ಮರ್ಯಾದೆಯ ಮಾತಿನಲ್ಲಿ ಒಂದು ಸಂದೇಶ ಬಂತು. ನಿಮ್ಮ ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ, ಆದ್ದರಿಂದ ಪರೀಕ್ಷೆಯನ್ನು ಇಲ್ಲಿಗೆ ರದ್ದು ಮಾಡಲಾಗಿದೆ, ಸಹಕಾರಕ್ಕೆ ಧನ್ಯವಾದ. ಆ ಧನ್ಯವಾದವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

"ಎಲ್ಲಾ ಹೋತು ಅತ್ತೆ! ಎಲ್ಲಾ ಹಾಳಾಗಿ ಹೋತು!" ಎಂದು ಕೂಗಿದೆ. ಯಜಮಾನರು ನಡುಮನೆಯ ಬಾಗಿಲು ಬಡಿಯುತ್ತಿದ್ದರು. ನಾನು ಮೇಜಿನ ಮೇಲೆ ತಲೆ ಇಟ್ಟು ಜೋರಾಗಿ ಅಳತೊಡಗಿದೆ. ಹಣೆಯ ವಿಭೂತಿ ಮೇಜಿಗೆಲ್ಲ ಹತ್ತಿತು.

ಆಮೇಲೆ ಯಜಮಾನರು ಅವರ ತಾಯಿಯನ್ನು ಕೂರಿಸಿಕೊಂಡು, ಪರೀಕ್ಷೆ ಆ ಕಂಪ್ಯೂಟರ್ ಒಳಗೇ ನಡೆಯುತ್ತಿತ್ತು, ಅದರೊಳಗೆ ಮೇಷ್ಟ್ರು ನೋಡುತ್ತಿದ್ದರು ಎಂದು ತಿಳಿಸಿ ಹೇಳಿದರು. "ನಂಗ್ಯಾರು ಹೇಳಿದ್ರು?" ಎಂದರು ಅತ್ತೆ. "ಪರೀಕ್ಷೆ ಅಂದ್ರೆ ಹೋಗಿ ಬರೆಯಾದು. ಮನೇಲಿ ಕೂತು ಬರೆಯಾದಕ್ಕೆ ಪರೀಕ್ಷೆ ಅಂತಾರೇನು?" ಯಜಮಾನರು ಬಟ್ಟೆ ತಂದು ಮೇಜಿಗೆ ಹತ್ತಿದ ವಿಭೂತಿಯನ್ನು ಒರೆಸಿದರು.

ಮಾರನೆಯ ದಿನ ಮಗಳಿಗೆ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ. ಹೊಸ್ತಿಲ ಹತ್ತಿರ ನಿಂತು, "ಅಜ್ಜೀ, ಬಾರೇ, ಬಸ್ ಹೋಗ್ತೈತೆ" ಎಂದು ಕರೆದಳು. ಒಳಗಿನಿಂದ ಅತ್ತೆಯ ಧ್ವನಿ ಬಂತು. "ಹೋಗಿ ಬಾರವ್ವ. ನನ್ ಕೈ ಬ್ಯಾಡ." ಮಗಳು ಖಾಲಿ ಹಣೆಯಲ್ಲಿ ಹೋದಳು. ನನಗೆ ಅತ್ತೆಯ ಮೇಲಿದ್ದ ಸಿಟ್ಟು ಅವತ್ತು ಇಳಿಯಿತು. ಆದರೆ ಪರೀಕ್ಷೆ ಹೋದ ಸಂಕಟ ಇಳಿಯಲಿಲ್ಲ.

ಇನ್ನೊಮ್ಮೆ ಬರೆಯಲು ಅವಕಾಶವಿತ್ತು. ಪರೀಕ್ಷಾ ಕೇಂದ್ರಗಳಲ್ಲಿ ಯುಗಾದಿಯ ಒಳಗೆ ಜಾಗವೇ ಸಿಗಲಿಲ್ಲ. ಮನೆಯಲ್ಲಿ ಬರೆಯುವ ಧೈರ್ಯ ನನಗಿರಲಿಲ್ಲ. ಜಗಳೂರಿನ ಗೆಳತಿಗೆ ಫೋನ್ ಮಾಡಿ ಎಲ್ಲ ಹೇಳಿದಾಗ ಅವಳು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಹೇಳಿದಳು. "ಇಲ್ಲಿಗೆ ಬಾ. ನಾನು ಕೆಲಸ ಮಾಡಾ ರೂಮಿಗೆ ಒಂದೇ ಬಾಗಿಲು. ಲೈನೂ ಚೆನ್ನಾಗೈತೆ. ಈ ಸಲ ತಪ್ಪಿದ್ರೆ ಆ ಜಾಗಕ್ಕೆ ಬೇರೆಯೋರು ಬರ್ತಾರೆ ನೋಡು, ನಾನು ಹಿಡಿದಿಡಾಕೆ ಆಗಲ್ಲ."

ನಾನು ಹೊರಡುವ ಹಿಂದಿನ ಸಂಜೆ ಅತ್ತೆ ಅಡುಗೆಮನೆಗೆ ಬಂದು ನಿಂತರು.

"ನಾಳೆ ನಾನೂ ಬರ್ತೀನಿ."

"ಯಾಕತ್ತೆ?"

"ಬಾಗ್ಲು ಕಾಯಾಕೆ."

ನಾನು ಒಲೆಯ ಉರಿ ಸಣ್ಣ ಮಾಡಿದೆ. ಅವರು ಬರುತ್ತೇನೆ ಅಂದದ್ದಕ್ಕೆ ನನಗೆ ಹೆದರಿಕೆಯಾಗಲು ಬೇರೆ ಕಾರಣವೂ ಇತ್ತು. ಗೆಳತಿಯ ಮನೆಯವರು ಬೌದ್ಧರು. ಅವಳ ಅಜ್ಜ ಅಜ್ಜಿ ಬೇರೆಯವರ ಹೊಲದಲ್ಲಿ ಕೂಲಿ ಮಾಡಿ, ಬೇರೆಯವರ ಮನೆಯ ಹೊರಗೆ ನಿಂತು ಬದುಕಿದವರು. ಕೆಲವು ವರ್ಷದ ಹಿಂದೆ ಅವಳು ನ್ಯಾಮತಿಗೆ ನಮ್ಮ ಮನೆಗೆ ಬಂದಿದ್ದಾಗ ಅತ್ತೆ ಚೆನ್ನಾಗಿಯೇ ಮಾತಾಡಿಸಿದ್ದರು. ಟೀಯನ್ನು ಮಾತ್ರ ಅಂಗಡಿಯಿಂದ ತರಿಸಿದ ಪೇಪರ್ ಲೋಟದಲ್ಲಿ ಕೊಟ್ಟಿದ್ದರು. ಗೆಳತಿ ಕುಡಿದಳು, ನಗುತ್ತಲೇ ಹೋಗಿಬರುತ್ತೇನೆ ಎಂದಳು. ಆದರೆ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಆ ಪೇಪರ್ ಲೋಟವನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ. ಈಗ ಅತ್ತೆ ಅವರ ಮನೆಯಲ್ಲಿ ಕೂತು ನೀರಾದರೂ ಕುಡಿಯುತ್ತಾರೋ ಇಲ್ಲವೋ, ಕುಡಿಯದೆ ಅವರ ಮನಸ್ಸು ನೋಯಿಸಿದರೆ ಏನು ಗತಿ ಎಂದು ಪರೀಕ್ಷೆಯ ಭಯದ ಜೊತೆ ಇದೂ ಒಂದು ಸೇರಿಕೊಂಡಿತು.

ನ್ಯಾಮತಿಯಿಂದ ಹೊನ್ನಾಳಿ, ಅಲ್ಲಿಂದ ದಾವಣಗೆರೆ, ದಾವಣಗೆರೆಯಲ್ಲಿ ಜಗಳೂರಿನ ಬಸ್ಸು. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಅತ್ತೆ ಆಧಾರ್ ಕಾರ್ಡನ್ನು ಸೊಂಟದ ಚೀಲದಲ್ಲೇ ಇಟ್ಟುಕೊಳ್ಳುತ್ತಾರೆ. ಕಂಡಕ್ಟರ್ ಬಂದಾಗಲೆಲ್ಲ ಚೀಲ ತೆಗೆದು ಕಾರ್ಡು ತೋರಿಸುವಾಗ ಅದರಲ್ಲಿ ವಿಭೂತಿ ಗಟ್ಟಿಯೂ ಇರುವುದು ಕಂಡಿತು. ಹೊಸ್ತಿಲಲ್ಲಿ ಅವರು ನನಗೆ ಹಚ್ಚಿರಲಿಲ್ಲ. ದಾವಣಗೆರೆ ದಾಟಿದ ಮೇಲೆ ನೀರು ಕಡಿಮೆಯಾಗುತ್ತಾ ಬಯಲು ಹೆಚ್ಚಾಯಿತು, ಕಟಾವಾದ ಮೆಕ್ಕೆಜೋಳದ ಹೊಲಗಳು ಬೆಳ್ಳಗೆ ಬಿದ್ದಿದ್ದವು. ಅತ್ತೆ ಕಿಟಕಿಯ ಕಡೆ ನೋಡುತ್ತಾ, "ಇಲ್ಲಿಯೋರು ಪೈಪು ಎಲ್ಲಿ ತಗಂತಾರೋ" ಎಂದರು. ಅಷ್ಟೇ ಮಾತು.

ಗೆಳತಿಯ ತಾಯಿ ಬಾಗಿಲಿಗೆ ಬಂದು, "ಬರ್ರಿ ಅಕ್ಕಾರೆ, ಬಿಸಿಲಾಗೆ ಬಂದೀರಿ, ಒಳಗೆ ಕೂತ್ಕಳ್ರಿ" ಎಂದು ಕರೆದರು. ಒಳಗೆ ಗೋಡೆಯ ಮೇಲೆ ಬುದ್ಧನ ದೊಡ್ಡ ಪಟ. ಅತ್ತೆ ಅದನ್ನು ಒಂದು ಗಳಿಗೆ ನೋಡಿ ಕೈ ಮುಗಿದರು. ಆಮೇಲೆ ಪರೀಕ್ಷೆಯ ಕೋಣೆಯನ್ನು ಪರೀಕ್ಷೆ ಮಾಡಿದರು. ಗೋಡೆಗಳನ್ನೆಲ್ಲ ಸುತ್ತಲೂ ನೋಡಿ, ಬೀರುವಿನ ಹಿಂದೆ ಬಗ್ಗಿ ನೋಡಿ, "ಇನ್ನೊಂದು ಬಾಗ್ಲಿಲ್ಲ ಅಲ್ಲ?" ಎಂದು ಗೆಳತಿಯನ್ನು ಕೇಳಿದರು. "ಇಲ್ಲಮ್ಮ" ಎಂದು ಅವಳು ನಗು ತಡೆದುಕೊಂಡು ಹೇಳಿದಳು. ಅತ್ತೆ ಹೊರಗೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ಕುರ್ಚಿ ಕೊಟ್ಟರೆ ಬೇಡ ಎಂದರು. ನಾನು ಒಳಗಿನಿಂದ ಚಿಲಕ ಹಾಕಿಕೊಂಡೆ.

ಹೊರಗೆ ನಡೆದದ್ದನ್ನು ಆಮೇಲೆ ಗೆಳತಿ ಹೇಳಿದಳು. ಪಕ್ಕದ ಮನೆಯ ಹೆಂಗಸು ಏನೋ ಕೇಳಲು ಬಂದಾಗ ಅತ್ತೆ ತುಟಿಯ ಮೇಲೆ ಬೆರಳಿಟ್ಟು ಬಾಗಿಲಲ್ಲೇ ವಾಪಸು ಕಳಿಸಿದರಂತೆ, ಅದು ತಮ್ಮದೇ ಮನೆ ಎನ್ನುವ ಹಾಗೆ. ಗೆಳತಿಯ ತಾಯಿಯೂ ಬಂದು ಎದುರಿಗೆ ನೆಲದ ಮೇಲೆ ಕೂತರಂತೆ. ಗೆಳತಿ ಟೀ ಮಾಡಿ, ಮನೆಯ ಸ್ಟೀಲ್ ಲೋಟದಲ್ಲಿ ತಂದಿಟ್ಟಿದ್ದಾಳೆ. ಪೇಪರ್ ಲೋಟ ಅವಳಿಗೂ ನೆನಪಿತ್ತಂತೆ. ಅತ್ತೆ ಲೋಟವನ್ನು ಬಹಳ ಹೊತ್ತು ನೋಡಿದರು, ಟೀ ತಣ್ಣಗಾಯಿತು. ಕೊನೆಗೆ ಎಡಗೈಯಿಂದ ಎತ್ತಿ ಕುಡಿದರಂತೆ. ಎಡಗೈಯಲ್ಲಿ ಯಾಕೆ ಎಂದು ಗೆಳತಿಗೆ ಆಗ ತಿಳಿಯಲಿಲ್ಲ, ಬೇಸರವೂ ಆಯಿತಂತೆ. ನನಗೆ ತಿಳಿಯಿತು.

ಒಳಗೆ ನನಗೆ ಸುಲಭವಾಗಿರಲಿಲ್ಲ. ಈ ಸಲ ಪ್ರಶ್ನೆಗಳು ಬೇರೆ, ಹೆಚ್ಚು ಕಷ್ಟದವು. ನಡುವೆ ಒಂದು ಕಡೆ ತಲೆ ಪೂರ್ತಿ ಖಾಲಿಯಾಯಿತು. ಆಗ ಮೇನ್ ಪೈಪು, ಸಬ್ ಮೇನ್, ವಾಲ್ವು ಎಂದು ಮನಸ್ಸಿನಲ್ಲೇ ಗೋವಿನಕೋವಿಯ ಆ ತೋಟವನ್ನು ಬರೆದುಕೊಂಡೆ. ಯಾವ ಸಾಲು ಒಣಗುತ್ತದೆ ಎಂದು ನೋಡಿದೆ. ಉತ್ತರ ಒತ್ತಿದೆ. ಹಣೆ ಮಾತ್ರ ಏನೋ ಬಿಟ್ಟು ಬಂದ ಹಾಗೆ ಅನ್ನಿಸುತ್ತಿತ್ತು. ಮುಗಿಸಿ ಕೊನೆಯ ಗುಂಡಿ ಒತ್ತಿದ ಮೇಲೆ ಪರದೆ ಸ್ವಲ್ಪ ಹೊತ್ತು ಬೆಳ್ಳಗಿತ್ತು. ಆಮೇಲೆ ಅಕ್ಷರಗಳು ಬಂದವು. ಪಾಸಾಗಿದ್ದೆ. ದಡ ಮುಟ್ಟುವಷ್ಟೇ ಅಂಕ, ಆದರೂ ಪಾಸು. ಜಗಳೂರಿನ ಆ ಕೋಣೆಯಲ್ಲಿ ಒಬ್ಬಳೇ ಕೂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

ಚಿಲಕ ತೆಗೆದೆ. ಅತ್ತೆ ಕೂತಲ್ಲಿಂದ ಬೇಗ ಏಳಲಾಗದೆ ಗೋಡೆ ಹಿಡಿದು ಎದ್ದರು. ಒಳಗೆ ಕಾಲಿಡಲಿಲ್ಲ. ಹೊಸ್ತಿಲ ಆಚೆಯೇ ನಿಂತು, ನನ್ನ ಹೆಗಲ ಮೇಲಿಂದ ಕಂಪ್ಯೂಟರಿನ ಕಡೆ ಇಣುಕಿ, ಪಿಸುಮಾತಿನಲ್ಲಿ ಕೇಳಿದರು.

"ಆ ಮೇಷ್ಟ್ರು ಹೋದ್ರಾ?"

"ಹೋದ್ರು ಅತ್ತೆ."

"ಈಗ ಬರಬೌದಾ?"

"ಬರ್ರಿ ಅತ್ತೆ."

ಆಗ ಬಲ ಮುಷ್ಟಿಯನ್ನು ಬಿಚ್ಚಿದರು. ನಾನು ಒಳಗೆ ಹೋದಾಗಿನಿಂದ ಹಿಡಿದುಕೊಂಡೇ ಕೂತಿದ್ದ ವಿಭೂತಿ ಬೆವರಿನಲ್ಲಿ ನೆನೆದು ಅಂಗೈಯ ಗೆರೆಗಳಲ್ಲೆಲ್ಲ ಹತ್ತಿಕೊಂಡಿತ್ತು. ಅದನ್ನು ಮೂರು ಬೆರಳಿಗೆ ತೆಗೆದುಕೊಂಡು ನನ್ನ ಹಣೆಗೆ ಕೈ ತಂದರು.

"ಪಾಸಾದೆ ಅತ್ತೆ," ಎಂದೆ.

"ಅದು ಆಮ್ಯಾಲೆ ಹೇಳೀಯಂತೆ," ಎಂದರು ಅತ್ತೆ. "ಅಲ್ಲಾಡಬ್ಯಾಡ."